ದೊರೆಸಾನಿಯ ಊಟ

ಫೆಬ್ರವರಿ 3, ಸೋಮವಾರ

ಮಗು ದಿನವೂ ಏನೇನು ತಿನ್ನುತ್ತದೆ ಎಂದು ಬರೆದಿಟ್ಟುಕೊಂಡು ಬನ್ನಿ ಎಂದರು ಮಕ್ಕಳ ಡಾಕ್ಟರು. ತಿಂದರೆ ತಾನೆ ಬರೆಯುವುದು? ಪುಸ್ತಕ ತಂದಾಗಿದೆ, ಪೆನ್ನು ಕೈಯಲ್ಲಿದೆ. ತಿನ್ನದೆ ಬಿಟ್ಟದ್ದನ್ನೇ ಬರೆಯುತ್ತೇನೆ.

ಮಗಳಿಗೆ ಒಂಬತ್ತು ತಿಂಗಳು ತುಂಬಿತು. ನಾವೆಲ್ಲ ಅವಳನ್ನು ದೊರೆಸಾನಿ ಎಂದೇ ಕರೆಯುವುದು. ಹೇಳಿದ ದಿನಕ್ಕಿಂತ ಬಹಳ ಮೊದಲೇ ಹುಟ್ಟಿ, ಆರಂಭದ ಕೆಲವು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ, ಊರವರಿಂದೆಲ್ಲ ಸೇವೆ ಮಾಡಿಸಿಕೊಂಡು ಮನೆಗೆ ಬಂದವಳು. ಬಾಟಲಿಯ ಹಾಲು ಕುಡಿಯುತ್ತಾಳೆ. ಚಮಚ ಕಂಡರೆ ಮಾತ್ರ ಬಾಯಿಗೆ ಬೀಗ. ತುಟಿ ಒಳಗೆಳೆದುಕೊಂಡು, ಗದ್ದವನ್ನು ಎದೆಗೊತ್ತಿ ಕುಳಿತುಬಿಟ್ಟರೆ ಮುಗಿಯಿತು, ಜಪ್ಪಯ್ಯ ಅಂದರೂ ತೆರೆಯುವುದಿಲ್ಲ.

ಡಾಕ್ಟರು ಇವತ್ತು ತಕ್ಕಡಿ ನೋಡಿದರು, ಹಳೆಯ ಕಾಗದ ನೋಡಿದರು, ಮತ್ತೆ ತಕ್ಕಡಿ ನೋಡಿದರು. ತೂಕ ಸಾಲದು, ರಕ್ತವೂ ಕಡಿಮೆ, ಇನ್ನು ಬರೀ ಹಾಲಿನಲ್ಲಿ ನಡೆಯುವುದಿಲ್ಲ, ಗಟ್ಟಿ ಆಹಾರ ಹೊಟ್ಟೆಗೆ ಹೋಗಲೇಬೇಕು ಎಂದರು.

ಇಷ್ಟು ದಿನ ಹೆಂಡತಿಯೇ ತಿನ್ನಿಸಲು ನೋಡುತ್ತಿದ್ದಳು. ಈಗ ಕೈಬಿಟ್ಟಿದ್ದಾಳೆ. ಕೇಳಿದರೆ ‘ಸುಸ್ತು’ ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಾಳೆ. ಅವಳು ಬಸ್ಸಿನ ಕಂಡಕ್ಟರ್. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಮುಂದಿನ ಸೀಟಿನವನು ಎದ್ದು ಜಾಗ ಬಿಡುತ್ತಿದ್ದ, ಅಂಥ ದನಿ. ಹೆರಿಗೆ ರಜೆಯಲ್ಲಿ ಮನೆಯಲ್ಲಿದ್ದು ಇದ್ದು ಆ ದನಿಗೂ ತುಕ್ಕು ಹಿಡಿದ ಹಾಗಿದೆ. ಇರಲಿ, ಮಲಗಲಿ. ಊಟದ ಕೆಲಸ ನಾನು ವಹಿಸಿಕೊಂಡಿದ್ದೇನೆ.

ನಾನು ಕಟಿಂಗ್ ಅಂಗಡಿಯವನು. ಮನೆಯ ಕೆಳಗೇ ಅಂಗಡಿ. ದೊಡ್ಡ ದೊಡ್ಡವರೆಲ್ಲ ನನ್ನೆದುರು ಕುತ್ತಿಗೆ ಚಾಚಿ ಕಣ್ಣು ಮುಚ್ಚುತ್ತಾರೆ. ಊರನ್ನೆಲ್ಲ ಗೋಳು ಹೊಯ್ದುಕೊಳ್ಳುವ ಮಕ್ಕಳು ನನ್ನ ಕುರ್ಚಿಯಲ್ಲಿ ಗಪ್‌ಚಿಪ್ಪಾಗಿ ಕೂರುತ್ತಾರೆ. ಅಂಥವನಿಗೆ ಇಷ್ಟಗಲದ ಒಂದು ಬಾಯಿ ತೆರೆಸುವುದು ಯಾವ ಮಹಾ ಕೆಲಸ? ಒಂದು ವಾರ ಸಾಕು.

ಫೆಬ್ರವರಿ 5, ಬುಧವಾರ

ಅಂಗಡಿಯ ಉಪಾಯಗಳನ್ನೆಲ್ಲ ಮಹಡಿಗೆ ಹೊತ್ತು ತಂದೆ. ಎದುರಿಗೆ ಕನ್ನಡಿ ಇಟ್ಟೆ. ಎಡಗೈಯಲ್ಲಿ ಬಾಚಣಿಗೆ ಆಡಿಸುತ್ತ, ಅವಳ ಕಣ್ಣು ಅಲ್ಲಿ ನೆಟ್ಟಿರುವಾಗ ಬಲಗೈಯ ಚಮಚವನ್ನು ಪಕ್ಕದಿಂದ ಮೆಲ್ಲಗೆ ತಂದೆ. ಹೆದರುವ ಮಕ್ಕಳ ಕಿವಿಯ ಹತ್ತಿರ ಕತ್ತರಿ ಒಯ್ಯುವುದು ಹೀಗೆಯೇ. ಮಾತು ನಿಲ್ಲಿಸಬಾರದು, ಕೈ ನಡುಗಬಾರದು.

ಮಾತು ನಿಲ್ಲಿಸಲಿಲ್ಲ. ಕೈಯೂ ನಡುಗಲಿಲ್ಲ. ಚಮಚ ತುಟಿಗೆ ತಾಗಿದ್ದೇ ತಡ, ಎರಡೂ ಕೈ ಬೀಸಿ ಹೊಡೆದಳು. ಹಿಸುಕಿದ ಅನ್ನವೆಲ್ಲ ಕನ್ನಡಿಯ ಮೇಲೆ. ಒರೆಸಲು ಹೋದರೆ ಕನ್ನಡಿಯಲ್ಲಿ ನನ್ನ ಮುಖದ ಮೇಲೆ ಅನ್ನ, ಅದರ ಹಿಂದೆ ಅವಳ ಮುಖ, ಗದ್ದ ಎದೆಗೆ ಒತ್ತಿಕೊಂಡು.

ಮೊದಲ ದಿನವಲ್ಲವೇ.

ಫೆಬ್ರವರಿ 9, ಭಾನುವಾರ

ಮರದ ಚಮಚ, ರಬ್ಬರಿನ ಚಮಚ, ಉದ್ದ ಹಿಡಿಕೆಯದು, ಬಾಗಿದ ಹಿಡಿಕೆಯದು, ಕೊನೆಗೆ ಐಸ್‌ಕ್ರೀಮಿನ ಕಡ್ಡಿ. ಗಂಜಿ, ಬಾಳೆಹಣ್ಣು, ಬೇಯಿಸಿದ ಸೇಬು, ಮೊಟ್ಟೆಯ ಹಳದಿ. ಒಂದಕ್ಕೂ ಪ್ರವೇಶವಿಲ್ಲ. ಒಮ್ಮೆ ಆಕಳಿಸಿದಳು. ಸಮಯ ನೋಡಿ ಒಳಗಿಟ್ಟೆ. ಗಂಟಲಿನಿಂದ ಒಂಥರಾ ಸದ್ದು ಮಾಡಿ ಹೊರಗೆ ನೂಕಿ, ಆಮೇಲೆ ಬಹಳ ಹೊತ್ತು ಬಾಯಿ ತೆರೆದು ಅಳಲಿಕ್ಕೂ ಹೆದರಿದಳು. ಬಾಯಿ ಮುಚ್ಚಿಕೊಂಡೇ ಅತ್ತಳು. ಮಕ್ಕಳು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

“ಸ್ವಲ್ಪ ಬಾ, ಕೈ ಹಿಡ್ಕೋ. ನಾನು ಬಾಯಿಗಿಡ್ತೀನಿ,” ಎಂದೆ.

ಅವಳು ತಿರುಗಿ ಒಳಗೆ ಹೋದಳು.

ನನಗೆ ರೇಗಿತು. ಭಾನುವಾರ ಅಂಗಡಿಯಲ್ಲಿ ಕೂರಲು ಜಾಗವಿಲ್ಲದಷ್ಟು ಜನ, ಅವರನ್ನು ಕಾಯಿಸಿ ನಾನು ಇಲ್ಲಿ ಒದ್ದಾಡುತ್ತಿದ್ದೇನೆ. ತಾಯಿ ಎನ್ನಿಸಿಕೊಂಡವಳು ಮಗುವಿನ ಎರಡು ಕೈ ಹಿಡಿಯಲಾರಳೇ? ಬಾಯಿಬಿಟ್ಟು ಹೇಳಲಿಲ್ಲ. ಇಲ್ಲಿ ಬರೆದು ಹೊಟ್ಟೆಯುರಿ ಕಡಿಮೆ ಮಾಡಿಕೊಳ್ಳುತ್ತಿದ್ದೇನೆ.

ಫೆಬ್ರವರಿ 12, ಬುಧವಾರ

ಇವತ್ತೂ ಇಲ್ಲ.

ಫೆಬ್ರವರಿ 16, ಭಾನುವಾರ

ಅತ್ತೆಯವರು ಬಂದರು. ನಾನೇ ಫೋನ್ ಮಾಡಿ ಕರೆಸಿದ್ದು. ಬ್ಯಾಗು ಕೆಳಗಿಡುವುದಕ್ಕೆ ಮೊದಲೇ ಮೊಮ್ಮಗಳ ತೋಳು ಹಿಡಿದು ನೋಡಿ, “ಅಯ್ಯೋ, ಇದೇನು ಅಳಿಯಂದ್ರೇ, ಕೋಳಿ ಕಾಲಿನ ಹಾಗಿದೆ!” ಎಂದರು.

“ಬಾಯೇ ಬಿಡಲ್ಲ ಅತ್ತೆ.”

“ಬಿಡದೆ ಏನು? ಇವಳ ಅಮ್ಮನೂ ಬಿಡ್ತಿರ್ಲಿಲ್ಲ. ಬಿಡಿಸ್ಲಿಲ್ವಾ ನಾನು?”

ಕಾಲು ನೀಡಿ ಕುಳಿತು, ಮಗುವನ್ನು ಮಡಿಲಲ್ಲಿ ಅಂಗಾತ ಹಾಕಿಕೊಂಡು, ಕೈಗಳನ್ನು ಸೆರಗಿನಲ್ಲಿ ಸುತ್ತಿ, ಮೂಗು ಹಿಡಿದರು. ಉಸಿರಿಗಾಗಿ ಬಾಯಿ ತೆರೆದಾಗ ಗಂಜಿ ಹಾಕಿದರು. ನುಂಗಿತು. ಮತ್ತೆ ಹಾಕಿದರು. ಮತ್ತೆ ನುಂಗಿತು. ಅರ್ಧ ಬಟ್ಟಲು! ಇಷ್ಟು ದಿನ ನಾನು ಬಾಚಣಿಗೆ ಆಡಿಸುತ್ತ ಕುಳಿತಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಒಳಗೆ ಹೆಂಡತಿ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಊಟ ಮುಗಿಯುವ ತನಕ ನೀರು ಬಕೆಟ್ ತುಂಬಿ ಹರಿಯುತ್ತಲೇ ಇತ್ತು. ನೀರಿಗೆ ಇಷ್ಟು ಕಷ್ಟವಿರುವಾಗ ಇದೇನು ಎಂದು ಅತ್ತೆ ಗೊಣಗಿದರು.

ಸ್ವಲ್ಪ ಹೊತ್ತಿಗೆ ದೊರೆಸಾನಿ ಎಲ್ಲವನ್ನೂ ವಾಂತಿ ಮಾಡಿದಳು. “ಮೊದಮೊದಲು ಹಾಗೇ, ಹೊಟ್ಟೆಗೆ ಅಭ್ಯಾಸ ಆಗ್ಬೇಕು,” ಎಂದರು ಅತ್ತೆ.

ಫೆಬ್ರವರಿ 18, ಮಂಗಳವಾರ

ಅತ್ತೆಯವರಿಗೆ ಸೊಂಟ ಹಿಡಿದುಕೊಂಡಿದೆ. “ನೀವು ತಲೆ ಹಿಡ್ಕೊಳ್ಳಿ, ನಾನು ಹಾಕ್ತೀನಿ,” ಎಂದರು. ಹಿಡಿದೆ.

ತಲೆ ಹಿಡಿಯುವುದು ನನ್ನ ಕಸುಬು. ಎಷ್ಟು ಸಾವಿರ ತಲೆಗಳು ಈ ಕೈಯಲ್ಲಿ ಹಾದುಹೋಗಿವೆಯೋ. ಗಿರಾಕಿ ಹೆದರಿದರೆ ಮೊದಲು ಗೊತ್ತಾಗುವುದು ಅಂಗೈಗೆ. ಕತ್ತಿನ ಹಿಂದಿನ ನರ ತಂತಿಯ ಹಾಗೆ ಬಿಗಿಯುತ್ತದೆ. ಆಗ ಕೈ ತೆಗೆದು ಬೇರೆ ಮಾತು ಎತ್ತಬೇಕು. ಬಿಗಿದ ಕುತ್ತಿಗೆಯ ಮೇಲೆ ನಾನು ಯಾವತ್ತೂ ಕತ್ತಿ ಇಟ್ಟವನಲ್ಲ.

ದೊರೆಸಾನಿಯ ಕತ್ತು ಬಿಗಿದಿತ್ತು. ಗೊತ್ತಾಯಿತು. ಆದರೂ ಹಿಡಿದೆ. ಹೊಟ್ಟೆಗೆ ಹೋಗಬೇಕಲ್ಲ. ಒದ್ದಳು, ಕೊಸರಾಡಿದಳು. ಅತ್ತೆ ಮೂರನೆಯ ಸಲ ಹಾಕುವಾಗ ಆ ಕತ್ತು ಒಮ್ಮೆಗೇ ಸಡಿಲಾಯಿತು. ನಿದ್ರೆ ಬಂದಾಗ ಆಗುವ ಸಡಿಲ ಅದಲ್ಲ. ಕಣ್ಣು ತೆರೆದೇ ಇತ್ತು. ನನ್ನನ್ನೇ ನೋಡುತ್ತಿದ್ದಳು. ಗಂಜಿ ಬಾಯಿಯ ಎರಡೂ ಕಡೆಯಿಂದ ಇಳಿಯುತ್ತಿತ್ತು, ಅವಳು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಕೈ ಬಿಟ್ಟುಬಿಟ್ಟೆ.

“ಯಾಕೆ ಬಿಟ್ರಿ? ಈಗ ತಾನೇ ದಾರಿಗೆ ಬಂದಿತ್ತು,” ಎಂದರು ಅತ್ತೆ.

“ಸಾಕು ಅತ್ತೆ.”

“ಇನ್ನೂ ಇದೆ ಬಟ್ಟಲಲ್ಲಿ.”

“ಸಾಕು ಅಂದೆನಲ್ಲ!”

ಅತ್ತೆಯವರ ಮೇಲೆ ಯಾವತ್ತೂ ದನಿ ಎತ್ತಿದವನಲ್ಲ. ಅವರು ಬಟ್ಟಲು ತೊಳೆಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಮೂಗೊರೆಸಿಕೊಂಡರು. ಅವರದೂ ತಪ್ಪಲ್ಲ. ಮಗು ಸೊರಗುವುದನ್ನು ನೋಡಲಾರದೆ ಮಾಡಿದ್ದು.

ಸಂಜೆಯಿಂದ ದೊರೆಸಾನಿ ಬಾಟಲಿಯನ್ನೂ ದೂಡುತ್ತಿದ್ದಾಳೆ.

ಫೆಬ್ರವರಿ 20, ಗುರುವಾರ

ಅತ್ತೆ ಊರಿಗೆ ಹೋದರು. ಹೋಗುವಾಗ ಮಗಳ ಹಾಸಿಗೆಯ ಅಂಚಿನಲ್ಲಿ ಕುಳಿತು ಏನೋ ಕೇಳಿದರು. ಅವಳು ಗೋಡೆಯ ಕಡೆಯಿಂದ ತಿರುಗಲಿಲ್ಲ. “ಇವಳು ಹೀಗಿರ್ಲಿಲ್ಲ,” ಎಂದರು ಮೆಟ್ಟಿಲಲ್ಲಿ, ನನ್ನನ್ನೇ ಏನೋ ಕೇಳುವ ಹಾಗೆ. ನಾನು ಬ್ಯಾಗು ಎತ್ತಿಕೊಂಡೆ.

ಹಾಲು ಮೊದಲಿನ ಅರ್ಧಕ್ಕೆ ಇಳಿದಿದೆ. ಬಟ್ಟಲು ನೆಲಕ್ಕೆ ತಾಗಿದ ಸದ್ದು ಕೇಳಿದರೂ ಅಳುತ್ತಾಳೆ. ಏನು ಮಾಡುವುದೋ ತೋಚುವುದಿಲ್ಲ.

ಫೆಬ್ರವರಿ 22, ಶನಿವಾರ

ತೂಕ ಇಳಿದಿದೆ.

ಹತ್ತು ದಿನ ನೋಡೋಣ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ಟ್ಯೂಬ್ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ಅಲ್ಲಿಯತನಕ ಬಲವಂತ ಮಾಡಬೇಡಿ, ತಾನಾಗಿ ಮುಟ್ಟಿದ್ದನ್ನು ತಿನ್ನಲಿ ಎಂದರು. ತಾನಾಗಿ ಮುಟ್ಟುವುದಾದರೆ ಇವರ ಹತ್ತಿರ ಯಾಕೆ ಬರುತ್ತಿದ್ದೆ?

ಆಮೇಲೆ ಕೇಳಿದರು, “ತಾಯಿ ಯಾಕೆ ಬರಲಿಲ್ಲ?”

“ಸುಸ್ತು ಅಂತಾಳೆ ಮೇಡಂ.”

“ಯಾವಾಗಿಂದ?”

ಯೋಚಿಸಿದೆ. “ಸ್ವಲ್ಪ ದಿನದಿಂದ.”

“ಊಟ ಮಾಡ್ತಾರಾ? ನಿದ್ದೆ ಬರುತ್ತಾ? ಅಳ್ತಾರಾ?”

ಊಟ ಮಾಡುತ್ತಾಳೆಯೇ? ಅಡುಗೆಯಂತೂ ಮಾಡಿಟ್ಟಿರುತ್ತಾಳೆ. ನಾನು ಕೆಳಗೆ ಅಂಗಡಿಯಲ್ಲೇ ತಿನ್ನುತ್ತೇನೆ. ಅವಳು ತಿನ್ನುವುದನ್ನು ಕೊನೆಯ ಸಲ ಯಾವಾಗ ನೋಡಿದೆ ಎಂದು ನೆನಪಾಗಲಿಲ್ಲ. ಗೊತ್ತಿಲ್ಲ ಎಂದೆ. ಡಾಕ್ಟರು ಪೆನ್ನು ಕೆಳಗಿಟ್ಟು, “ಅವರನ್ನು ಒಂದು ಸಲ ಕರ್ಕೊಂಡು ಬನ್ನಿ,” ಎಂದರು.

ನಾನು ಹೋದದ್ದು ಮಗುವಿನ ವಿಷಯಕ್ಕೆ. ಅದನ್ನು ಬಿಟ್ಟು ಏನೇನೋ ಕೇಳುತ್ತಾರೆ.

ಫೆಬ್ರವರಿ 24, ಸೋಮವಾರ

ಇದನ್ನು ಹೇಗೆ ಬರೆಯಲಿ?

ಮಧ್ಯಾಹ್ನ ಅಂಗಡಿ ಖಾಲಿ. ದೊರೆಸಾನಿಯನ್ನು ಕೆಳಗೆ ತಂದು ನನ್ನ ತೊಡೆಯ ಮೇಲೆ ಕೂರಿಸಿಕೊಂಡು ಊಟಕ್ಕೆ ಕುಳಿತಿದ್ದೆ. ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು. ತಿನ್ನಿಸುವ ಯೋಚನೆಯೇ ಇರಲಿಲ್ಲ, ಸೋತು ಸುಣ್ಣವಾಗಿದ್ದೆ. ರಸ್ತೆ ನೋಡುತ್ತ ಅಗಿಯುತ್ತಿದ್ದೆ. ತಿರುಗಿ ನೋಡಿದರೆ ತಟ್ಟೆಯ ಆಲೂಗಡ್ಡೆ ಅವಳ ಮುಷ್ಟಿಯಲ್ಲಿದೆ. ಬೆರಳ ಸಂದಿನಿಂದೆಲ್ಲ ಹೊರಗೆ ಬರುತ್ತಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು, ನನ್ನ ಗಿರಾಕಿಗಳು ಕಟಿಂಗ್ ಆದ ಮೇಲೆ ತಲೆಯ ಹಿಂಭಾಗ ನೋಡಿಕೊಳ್ಳುವಷ್ಟು ಗಂಭೀರವಾಗಿ. ಆಮೇಲೆ ಮುಷ್ಟಿಯನ್ನೇ ಬಾಯಿಗಿಟ್ಟುಕೊಂಡಳು.

ಮೆಲ್ಲಗೆ ಚಮಚ ತೆಗೆದುಕೊಂಡು, ಅದೇ ಆಲೂಗಡ್ಡೆಯನ್ನು ಹಿಸುಕಿ, ಬಾಯಿಯ ಹತ್ತಿರ ಒಯ್ದೆ. ಬೀಗ. ಚಮಚ ಕೆಳಗಿಟ್ಟೆ. ಮುಷ್ಟಿ ಮತ್ತೆ ಬಾಯಿಗೆ ಹೋಯಿತು.

ಅವಮಾನವಾಯಿತು ಎಂದೇ ಬರೆಯುತ್ತೇನೆ. ತಟ್ಟೆ ನನ್ನದು, ಆಲೂಗಡ್ಡೆ ನನ್ನದು, ಬೇಡವಾದದ್ದು ನನ್ನ ಕೈ ಒಂದೇ.

ಫೆಬ್ರವರಿ 27, ಗುರುವಾರ

ಹಳೆಯ ಚಾದರ ಹಾಸಿ ನೆಲದ ಮೇಲೆ ಕೂರಿಸುತ್ತೇನೆ. ಮೆತ್ತಗೆ ಬೇಯಿಸಿ ಬೆರಳುದ್ದ ಕತ್ತರಿಸಿದ ತುಂಡುಗಳನ್ನು ಎದುರಿಗಿಟ್ಟು ದೂರ ಸರಿಯುತ್ತೇನೆ. ಕಷ್ಟ ಅದೇ, ದೂರ ಸರಿಯುವುದು. ಕೈಗಳನ್ನು ಎಲ್ಲಿಡುವುದೋ ತಿಳಿಯುವುದಿಲ್ಲ. ಇವತ್ತು ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕುಳಿತಿದ್ದೆ.

ಸೇಬು ಕಿವಿಗೆ ಹೋಯಿತು. ಮೊಟ್ಟೆ ಕೂದಲಿಗೆ. ಬಾಳೆಹಣ್ಣನ್ನು ಹಿಂಡಿ ಮೊಣಕಾಲಿಗೆ ಹಚ್ಚಿಕೊಂಡಳು. ಹೊಟ್ಟೆಗೆ ಹೋದದ್ದು ಎಷ್ಟು? ದೇವರೇ ಬಲ್ಲ. ಹೀಗೆ ತಿಂದರೆ ತೂಕ ಏರುವುದು ಯಾವ ಕಾಲಕ್ಕೆ? ಡಾಕ್ಟರು ಹೇಳಿದ ಹತ್ತು ದಿನ ಸದ್ದಿಲ್ಲದೆ ಕರಗುತ್ತಿದೆ.

“ಏನು, ಇವತ್ತೂ ಮಾತೇ ಇಲ್ಲ?” ಎಂದು ನಾಲ್ಕೈದು ಗಿರಾಕಿಗಳು ಕೇಳಿದರು. ಗಂಟಲು ಸರಿಯಿಲ್ಲ ಎಂದೆ. ಒಬ್ಬ ಹಿರಿಯರು, “ಒಳ್ಳೇದಾಯ್ತು ಬಿಡಿ, ನಾನೇ ಮಾತಾಡ್ತೀನಿ,” ಎಂದು ಗಡ್ಡ ಮುಗಿಯುವ ತನಕ ತಮ್ಮ ಮಗನ ವಿಷಯ ಹೇಳಿದರು. ಇಷ್ಟು ವರ್ಷದಲ್ಲಿ ಅವರಿಗೆ ಮಗನಿದ್ದಾನೆ ಎಂದೇ ನನಗೆ ಗೊತ್ತಿರಲಿಲ್ಲ.

ಮಾರ್ಚ್ 2, ಭಾನುವಾರ

ಕ್ಯಾರೆಟ್ಟು. ಒಂದು ಕಡೆ ಸರಿಯಾಗಿ ಬೆಂದಿರಲಿಲ್ಲವೋ ಏನೋ. ಅಷ್ಟು ದೊಡ್ಡ ತುಂಡನ್ನು ಒಸಡಿನಲ್ಲೇ ಮುರಿದಳು. ಒಮ್ಮೆಗೇ ಮುಖ ಕೆಂಪಾಯಿತು, ನಾಲಿಗೆ ಹೊರಗೆ ಬಂತು, ಕಣ್ಣಲ್ಲಿ ನೀರು. ಹಾರಿ ಹೋಗಿ ಬಾಯೊಳಗೆ ಬೆರಳು ಹಾಕಲು ನೋಡಿದೆ.

ಯಾರೋ ನನ್ನ ಮಣಿಕಟ್ಟು ಹಿಡಿದರು.

“ಕೈ ಹಾಕ್ಬೇಡಿ! ಅವಳ ಬಾಯಿಗೆ ಕೈ ಹಾಕ್ಬೇಡಿ ಅಂತೀನಿ! ಕೆಮ್ತಿದ್ದಾಳೆ ನೋಡಿ, ಅವಳೇ ತೆಗೀತಾಳೆ.”

ಹೆಂಡತಿ. ಕೂದಲು ಕೆದರಿಕೊಂಡು, ಬರಿಗಾಲಲ್ಲಿ ಒಳಗಿನಿಂದ ಓಡಿ ಬಂದಿದ್ದಳು. ಅವಳಿಗೆ ಅಷ್ಟು ಬಲ ಎಲ್ಲಿಂದ ಬಂತೋ, ನನ್ನ ಕೈ ಅಲುಗಾಡಲಿಲ್ಲ. ದೊರೆಸಾನಿ ಇನ್ನೊಮ್ಮೆ ಕೆಮ್ಮಿದಳು. ತುಂಡು ನಾಲಿಗೆಯ ತುದಿಗೆ ಬಂತು. ಅದನ್ನು ಕೈಗೆ ತೆಗೆದುಕೊಂಡು ನೋಡಿ, ಏನೂ ಆಗದವಳಂತೆ ಮತ್ತೆ ಚೀಪತೊಡಗಿದಳು. ನಾನು ಅದನ್ನು ಕಸಿದುಕೊಂಡು, ಚೆನ್ನಾಗಿ ಬೆಂದ ಇನ್ನೊಂದು ತುಂಡು ಕೊಟ್ಟೆ.

ನಾವಿಬ್ಬರೂ ಅಲ್ಲೇ ಕುಸಿದು ಕುಳಿತೆವು. ಅವಳು ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಮಗುವನ್ನೇ ನೋಡುತ್ತ ಮಾತಾಡಿದಳು.

“ಹುಟ್ಟಿದಾಗ ಆಸ್ಪತ್ರೇಲಿ ಮೂಗಿಗೆ ಟ್ಯೂಬ್ ಹಾಕೋರಲ್ಲ, ನಿಮಗೆ ಗೊತ್ತಲ್ಲ.”

“ಗೊತ್ತು.”

“ಇಲ್ಲ ರೀ, ನಿಮಗೆ ಗೊತ್ತಿಲ್ಲ. ನೀವು ಅಂಗಡಿ ಮುಚ್ಚಿ ಬರೋ ಹೊತ್ತಿಗೆ ಎಲ್ಲ ಆಗಿರ್ತಿತ್ತು. ಕಿತ್ಕೋತಾಳೆ ಅಂತ ಎರಡೂ ಕೈಗೆ ಬಟ್ಟೆ ಸುತ್ತಿಡೋರು. ಆದ್ರೂ ಹೇಗೋ ಕಿತ್ಕೊಳ್ಳೋಳು. ಮತ್ತೆ ಹಾಕ್ಬೇಕಾಗ್ತಿತ್ತು. ನರ್ಸ್ ಪಾಪ ಒಳ್ಳೇವಳು. ಅಮ್ಮ ಮುಟ್ಟಿದ್ರೆ ಮಗು ಸುಮ್ಮನಿರುತ್ತೆ, ನೀವೇ ತಲೆ ಹಿಡ್ಕೊಳ್ಳಿ ಅನ್ನೋಳು. ನಾನೇ ಹಿಡ್ಕೋತಿದ್ದೆ.”

ದೊರೆಸಾನಿ ಕ್ಯಾರೆಟ್ಟನ್ನು ಚಾದರಕ್ಕೆ ತಿಕ್ಕುವುದನ್ನು ನೋಡುತ್ತ ಅವಳು ಮುಂದುವರಿಸಿದಳು.

“ಅಳೋದಕ್ಕೂ ದನಿ ಇರ್ಲಿಲ್ಲ ಅವಳಿಗೆ. ಬರೀ ನನ್ನ ಮುಖ ನೋಡೋಳು. ಈಗ ಚಮಚ ಎತ್ತಿದ್ರೆ ಅದೇ ನೋಟ. ನಾನು ಹೇಗೆ ತಿನ್ನಿಸ್ಲಿ? ಅವಳಿಗೆ ನನ್ನ ಕೈ ಅಂದ್ರೇನೇ ಆ ಟ್ಯೂಬು.”

ಆಗ ನಾನು ಸುಮ್ಮನಿದ್ದಿದ್ದರೆ ಸಾಕಿತ್ತು. ದಿನವಿಡೀ ಯಾರ್ಯಾರನ್ನೋ ಮಾತಾಡಿಸುವ ಬಾಯಿ ಇದು. “ಅದೆಲ್ಲ ಮುಗಿದು ಹೋಯ್ತಲ್ಲ, ಈಗ ಅದನ್ನ ಯಾಕೆ ನೆನೆಸ್ಕೋತೀಯ,” ಎಂದುಬಿಟ್ಟೆ.

ಅವಳು ಕೈ ಬಿಟ್ಟು, ಎದ್ದು, ಒಳಗೆ ಹೋದಳು.

ಆ ಮಂಗಳವಾರ ನನ್ನ ಅಂಗೈಯಲ್ಲಿ ಸಡಿಲಾದ ಕತ್ತು ಇವಳು ಎಷ್ಟು ಸಲ ಹಿಡಿದ ಕತ್ತೋ. ನಲ್ಲಿಯ ನೀರು ಯಾಕೆ ಹರಿಯುತ್ತಿತ್ತು ಎಂದು ಈಗ ತಿಳಿಯುತ್ತದೆ. ತಿಳಿದು ಏನು ಮಾಡಲಿ?

ಮಾರ್ಚ್ 3, ಸೋಮವಾರ

ಹೆಂಡತಿಯ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತಿದ್ದೆ. ಅಂಗಡಿ ತೆರೆಯುವುದು ತಡವಾಯಿತು.

ಮಾರ್ಚ್ 5, ಬುಧವಾರ

ಮೂವರೂ ಡಾಕ್ಟರ ಹತ್ತಿರ ಹೋದೆವು. ಹೆಂಡತಿ ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ನಾನು ಕೇಳಿದಾಗ ಎದ್ದು ಚಪ್ಪಲಿ ಹಾಕಿಕೊಂಡಳು.

ತೂಕ ಏರಿಲ್ಲ. ಇಳಿದೂ ಇಲ್ಲ. “ಇಳಿದಿಲ್ಲ ಅನ್ನೋದನ್ನ ಇವತ್ತಿಗೆ ಒಳ್ಳೆ ಸುದ್ದಿ ಅಂದ್ಕೊಳ್ಳಿ,” ಎಂದರು ಡಾಕ್ಟರು. ಟ್ಯೂಬಿನ ಮಾತನ್ನು ತಿಂಗಳ ಕೊನೆಗೆ ಮುಂದೂಡಿದ್ದಾರೆ. ಕೈಯಲ್ಲೇ ತಿನ್ನಲಿ, ಚಮಚ ಸದ್ಯಕ್ಕೆ ಎತ್ತಿಡಿ ಎಂದರು. ರಕ್ತಕ್ಕೆ ಒಂದು ಔಷಧಿ ಬರೆದುಕೊಟ್ಟರು, ಹನಿ ಹನಿಯಾಗಿ ಹಾಕುವಂಥದ್ದು.

ಆಮೇಲೆ ನನ್ನನ್ನೂ ಮಗುವನ್ನೂ ಹೊರಗೆ ಕಳಿಸಿ ಅವಳ ಜೊತೆ ಮಾತಾಡಿದರು. ನಾನು ಬೆಂಚಿನ ಮೇಲೆ ಕುಳಿತೆ. ಬಾಗಿಲು ಮುಚ್ಚಿತ್ತು. ಒಮ್ಮೆ ಅವಳು ಅಳುವುದು ಕೇಳಿಸಿತು. ಎದ್ದು ಬಾಗಿಲ ತನಕ ಹೋಗಿ ವಾಪಸ್ಸು ಬಂದೆ. ದೊರೆಸಾನಿ ನನ್ನ ಅಂಗಿಯ ಗುಂಡಿ ಕೀಳುವುದರಲ್ಲಿ ಮಗ್ನಳಾಗಿದ್ದಳು. ಕಿತ್ತುಕೋ ಎಂದು ಬಿಟ್ಟೆ, ಬಾಯಿಗೆ ಮಾತ್ರ ಹೋಗದಂತೆ ನೋಡಿಕೊಂಡೆ.

ಹೊರಗೆ ಬಂದ ಡಾಕ್ಟರು ಇದು ಸುಸ್ತಲ್ಲ, ಹೆರಿಗೆಯಾದ ಮೇಲೆ ಕೆಲವರಿಗೆ ಬರುವ ಕಾಯಿಲೆ, ಗುಣವಾಗುತ್ತದೆ, ಆದರೆ ಸಮಯ ಬೇಕು ಎಂದರು. ಮಾತ್ರೆ ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಇನ್ನೊಬ್ಬ ಡಾಕ್ಟರ ಹತ್ತಿರ ಕುಳಿತು ಮಾತಾಡಬೇಕಂತೆ. ನಾನು ಏನು ಮಾಡಬೇಕು ಎಂದು ಕೇಳಿದೆ.

“ನೀವು ಏನೂ ಮಾಡಿಸೋಕೆ ಹೋಗ್ಬೇಡಿ. ಜೊತೆಗಿರಿ,” ಎಂದರು.

ಅಪ್ಪನಿಗೂ ಅದೇ, ಗಂಡನಿಗೂ ಅದೇ. ಸುಮ್ಮನೆ ಕೂರು. ಇಷ್ಟು ಕಷ್ಟದ ಕೆಲಸವನ್ನು ಯಾರೂ ನನಗೆ ಕಲಿಸಿರಲಿಲ್ಲ.

ಮಾರ್ಚ್ 13, ಗುರುವಾರ

ಹನಿ ಔಷಧಿಯ ಕಥೆ. ಆ ಗಾಜಿನ ಕೊಳವೆ ಕಂಡರೆ ಚಮಚಕ್ಕಿಂತ ಹೆಚ್ಚು ಭಯ. ಒಂದು ವಾರ ಔಷಧಿಯೆಲ್ಲ ಅಂಗಿಗೇ ಆಯಿತು. ಇವತ್ತು ಬ್ರೆಡ್ಡಿನ ಮೇಲೆ ಹನಿ ಹಾಕಿ ಎದುರಿಗಿಟ್ಟೆ. ಮುಖ ಸಿಂಡರಿಸಿ, ಮೈಯೆಲ್ಲ ಒಮ್ಮೆ ನಡುಗಿಸಿ, ಆದರೂ ತಿಂದಳು. ಹೀಗೆ ಕೊಡಬಹುದೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. “ಹೊಟ್ಟೆಗೆ ಹೋದ್ರೆ ಸಾಕು,” ಎಂದರು.

ಹೆಂಡತಿ ಊಟದ ಹೊತ್ತಿಗೆ ಬಂದು ಬಾಗಿಲ ಹೊಸ್ತಿಲಲ್ಲಿ ಕೂರುತ್ತಾಳೆ. ಚಾದರದ ತನಕ ಬರುವುದಿಲ್ಲ. ನಾನು ಮೂರು ತಟ್ಟೆ ಹಾಕುತ್ತೇನೆ. ಅವಳದನ್ನು ಹೊಸ್ತಿಲಲ್ಲಿ ಇಡುತ್ತೇನೆ, ತಿನ್ನು ಎನ್ನುವುದಿಲ್ಲ. ಅರ್ಧ ತಿನ್ನುತ್ತಾಳೆ. ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಮೇಲೆ ಬರುವುದು ಗಿರಾಕಿಗಳಿಗೂ ಅಭ್ಯಾಸವಾಗಿದೆ.

ಮಾರ್ಚ್ 20, ಗುರುವಾರ

ಕೆಟ್ಟ ದಿನ. ದೊರೆಸಾನಿಗೆ ಜ್ವರ, ಆಲೂಗಡ್ಡೆಯನ್ನು ಮುಟ್ಟಲೂ ಇಲ್ಲ. ಹೆಂಡತಿ ಹೊಸ್ತಿಲಿಗೂ ಬರಲಿಲ್ಲ. “ನಾನಿಲ್ದಿದ್ರೇನೇ ಅವಳಿಗೆ ಒಳ್ಳೇದು,” ಎಂದಳು. ಕೂಡಲೇ ಆ ಇನ್ನೊಬ್ಬ ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತೇ ಕರೆತನ್ನಿ ಎಂದರು, ಹೋದೆವು. ಬಹಳ ಹೊತ್ತು ಮಾತಾಡಿಸಿದರು. ಮಾತ್ರೆ ಬದಲಿಸಿದರು. ಒಬ್ಬಳನ್ನೇ ಬಿಡಬೇಡಿ ಎಂದರು. ಅತ್ತೆಯವರಿಗೂ ಫೋನ್ ಮಾಡಿದೆ. ಹಿಂದಿನ ಮಾತನ್ನು ಅವರು ಎತ್ತಲಿಲ್ಲ, ಸಂಜೆಯೇ ಬಂದರು. ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕುಳಿತಿದ್ದಾರೆ.

ಅಂಗಡಿ ತೆರೆಯಲಿಲ್ಲ. ಯಾವುದೂ ನನ್ನ ಕೈಯಲ್ಲಿಲ್ಲ.

ಮಾರ್ಚ್ 24, ಸೋಮವಾರ

ಜ್ವರ ಬಿಟ್ಟಿದೆ. ಮೊಟ್ಟೆಯ ಒಂದು ತುಂಡು, ಬೆಂದ ಬೀನ್ಸ್.

ಹೆಂಡತಿ ಅಮ್ಮನಿಗೆ ಹೇಳಿದಳಂತೆ, ಆಸ್ಪತ್ರೆಯ ಆ ವಿಷಯವನ್ನು. ಅತ್ತೆ ಕೆಳಗೆ ಬಂದು ಗಿರಾಕಿಯ ಬೆಂಚಿನಲ್ಲಿ ಕುಳಿತು, “ಮೊದಲೇ ಗೊತ್ತಿದ್ರೆ ನಾನು ಆ ಮಗುವಿನ ಮೂಗು ಹಿಡೀತಿದ್ನಾ,” ಎಂದರು. ನನ್ನ ಕತ್ತರಿ ನಿಂತಿತು. ಕುರ್ಚಿಯಲ್ಲಿದ್ದ ಗಿರಾಕಿ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ ಕಣ್ಣು ಮುಚ್ಚಿಕೊಂಡ. “ನಾನೂ ತಲೆ ಹಿಡಿದಿದ್ದೆ ಅತ್ತೆ,” ಎಂದೆ.

ಮಾರ್ಚ್ 29, ಶನಿವಾರ

ಇವತ್ತು ಡಾಕ್ಟರು ಹೇಳಿದ್ದ ದಿನ. ನಾವು ಮೂವರೇ ಹೋದೆವು.

ತೂಕ ಸ್ವಲ್ಪ ಏರಿದೆ. ಹೇಳಿಕೊಳ್ಳುವಷ್ಟಿಲ್ಲ ಎಂದರು ಡಾಕ್ಟರು. ರಕ್ತ ನೋಡಿ ಮುಂದಿನದು ತೀರ್ಮಾನಿಸೋಣ ಎಂದು ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿಯ ನರ್ಸ್ ಸೂಜಿ ಸಿದ್ಧಮಾಡಿ, ಹತ್ತಿ ತೆಗೆದುಕೊಂಡು, ಅಭ್ಯಾಸದ ದನಿಯಲ್ಲಿ, “ಅಮ್ಮಾ, ಮಗು ಅಲುಗಾಡುತ್ತೆ. ನೀವು ತಲೆ ಹಿಡ್ಕೊಳ್ಳಿ,” ಎಂದಳು.

ನಾನು ಹೆಂಡತಿಯ ಮುಖ ನೋಡಿದೆ. ಅದರಲ್ಲಿ ರಕ್ತವೇ ಇರಲಿಲ್ಲ. ನಾನು ಹಿಡಿಯುತ್ತೇನೆ ಎನ್ನಲು ಬಾಯಿ ತೆರೆದೆ.

“ಹಿಡಿಯಲ್ಲ,” ಎಂದಳು ಅವಳು.

“ಹಾಗಂದ್ರೆ ಹೇಗಮ್ಮಾ, ಒಂದು ನಿಮಿಷದ ಕೆಲಸ...”

“ನಾನು ಹಿಡಿಯಲ್ಲ! ಯಾರೂ ಅವಳ ತಲೆ ಹಿಡಿಯೋ ಹಾಗಿಲ್ಲ! ತೋಳು ಅವರಪ್ಪ ಹಿಡೀತಾರೆ. ನಾನು ಎದುರಿಗೆ ನಿಂತ್ಕೋತೀನಿ.”

ಹೊರಗೆ ಸಾಲಿನಲ್ಲಿ ಕುಳಿತಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಆ ದನಿಗೆ ಯಾರಾದರೂ ಜಾಗ ಬಿಡಲೇಬೇಕು. ನರ್ಸ್ ಬಿಟ್ಟಳು.

ನಾನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋಳು ಹಿಡಿದೆ. ಹೆಂಡತಿ ಎದುರಿಗೆ ಮಂಡಿಯೂರಿ, ಮಗುವಿನ ಮುಖಕ್ಕೆ ಮುಖ ಸರಿಯಾಗಿಟ್ಟು, ಮಾತಾಡುತ್ತಲೇ ಇದ್ದಳು. ಈಗ ನೋವಾಗುತ್ತೆ ಪುಟ್ಟಾ, ಸೂಜಿ ಅದು, ನೀನು ಅತ್ತುಕೋ, ಜೋರಾಗಿ ಅಳು, ಅಮ್ಮ ಇಲ್ಲೇ ಇದ್ದೀನಿ. ಮಗಳು ಬಾಯಿ ತೆರೆದು, ಇಡೀ ಆಸ್ಪತ್ರೆ ಕೇಳುವಂತೆ ಅತ್ತಳು. ಅಮ್ಮನ ದನಿಯೇ ಅವಳಿಗೂ ಬಂದಿದೆ ಎಂದು ನನಗೆ ಇವತ್ತು ಗೊತ್ತಾಯಿತು. ಸೂಜಿ ತೆಗೆದದ್ದೇ ತಡ, ಎರಡೂ ಕೈಗಳನ್ನು ಅವಳ ಕಡೆಗೆ ಚಾಚಿದಳು. ಹೆಂಡತಿ ಒಂದು ಕ್ಷಣ ಆ ಕೈಗಳನ್ನು ನೋಡಿದಳು, ಅವು ಬೇರೆ ಯಾರಿಗೋ ಚಾಚಿವೆ ಎಂಬಂತೆ. ಆಮೇಲೆ ಎತ್ತಿಕೊಂಡಳು.

ರಕ್ತದ ವರದಿ ಬರುವುದು ಇನ್ನೆರಡು ದಿನಕ್ಕೆ. ಏನು ಬರುತ್ತದೋ ಗೊತ್ತಿಲ್ಲ. ಟ್ಯೂಬಿನ ಮಾತು ಪೂರ್ತಿ ಹೋಗಿಲ್ಲ.

ಬಸ್ ಸ್ಟಾಪಿನ ಬೆಂಚಿನಲ್ಲಿ ಕುಳಿತೆವು. ಅತ್ತೆ ಡಬ್ಬಿಯಲ್ಲಿ ಆಲೂಗಡ್ಡೆ ಹಾಕಿ ಕಳಿಸಿದ್ದರು. ಮುಚ್ಚಳ ತೆಗೆದು ಬೆಂಚಿನ ಮೇಲಿಡಲು ಹೋದೆ. ಹೆಂಡತಿ ಅದರಿಂದ ಒಂದು ತುಂಡು ತೆಗೆದು ತನ್ನ ಅಂಗೈ ಮೇಲಿಟ್ಟುಕೊಂಡಳು. ಬಾಯಿಯ ಹತ್ತಿರ ಒಯ್ಯಲಿಲ್ಲ. ಮಗುವಿನ ಮೊಣಕಾಲಿನ ಪಕ್ಕ, ತನ್ನ ತೊಡೆಯ ಮೇಲೆ, ಅಂಗೈ ಬಿಚ್ಚಿ ಇಟ್ಟಳು ಅಷ್ಟೆ.

ದೊರೆಸಾನಿ ಮೊದಲು ಎದುರಿನ ನಾಯಿಯನ್ನು ನೋಡಿದಳು. ಸೂಜಿ ಚುಚ್ಚಿದ ಜಾಗದ ಹತ್ತಿಯನ್ನು ನೋಡಿಕೊಂಡಳು. ಅಂಗೈ ನೋಡಿದಳು, ಅಮ್ಮನ ಮುಖ ನೋಡಿದಳು. ಆಮೇಲೆ ಸಣ್ಣ ಕೈ ಬಂದು, ತುಂಡಿನ ಜೊತೆಗೆ ಅಮ್ಮನ ಒಂದು ಬೆರಳನ್ನೂ ಸೇರಿಸಿ ಹಿಡಿದು, ಎರಡನ್ನೂ ಬಾಯಿಗೆ ಎಳೆದುಕೊಂಡಿತು.

ನಮ್ಮ ಬಸ್ಸು ಬಂತು. ಬಾಗಿಲಲ್ಲಿದ್ದ ಕಂಡಕ್ಟರ್ ಗುರುತು ಹಿಡಿದು, “ಅಕ್ಕಾ, ಹತ್ತಿ ಬನ್ನಿ!” ಎಂದ. ಅವಳು ಇನ್ನೊಂದು ಕೈಯಿಂದ ಹೋಗು ಹೋಗು ಎಂದು ಸನ್ನೆ ಮಾಡಿದಳು. ಆಮೇಲೆ ಬಂದದ್ದೂ ನಮ್ಮ ಕಡೆಗೆ ಹೋಗುವ ಬಸ್ಸೇ. ಅದನ್ನೂ ಬಿಟ್ಟೆವು.